ಎಲ್ಕ್ ಎಳೆಗೊಂಬಿನ ಪುಡಿ: ಕೊಯ್ಯುವಲ್ಲಿಂದ ನಾಯಿಯ ಬಟ್ಟಲಿನವರೆಗೆ

ಎಲ್ಕ್ ಎಂಬ ದೊಡ್ಡ ಜಿಂಕೆಯ ಎಳೆಗೊಂಬಿನ ಕ್ಯಾಪ್ಸೂಲು ಮಂಡಿನೋವಿಗೆ ಒಳ್ಳೆಯದಂತೆ, ವಯಸ್ಸಾದ ನಾಯಿಗೂ ಕೊಡಬಹುದಂತೆ, ನಿಜವೇ ಎಂದು ಊರಿನ ಕಡೆಯವರು ಕೇಳುತ್ತಿರುತ್ತಾರೆ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಈ ಕೊಂಬನ್ನು ಕೊಯ್ಯುವ, ಒಣಗಿಸುವ ಕೆಲಸ ನನ್ನದು. ಬಾಟಲಿಯ ಮೇಲೆ ಏನು ಬರೆದಿದೆ ಎಂಬುದಕ್ಕಿಂತ ಕೊಂಬು ಯಾವ ದಿನ ಕೊಯ್ದದ್ದು, ಎಷ್ಟು ಬೇಗ ಫ್ರೀಜರ್ ಸೇರಿತು ಎಂಬುದೇ ಮುಖ್ಯ. ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ಹಸುವಿನ ಕೊಂಬು ಒಮ್ಮೆ ಬಂದರೆ ಜೀವನಪೂರ್ತಿ ಇರುತ್ತದೆ. ಜಿಂಕೆ ಜಾತಿಯ ಗಂಡುಗಳಲ್ಲಿ ಹಾಗಲ್ಲ, ಪ್ರತಿ ವರ್ಷ ಹಳೆಯದು ಉದುರಿ ಹೊಸದು ಬರುತ್ತದೆ. ತಲೆಬುರುಡೆಯಿಂದ ಎದ್ದ ಗೂಟದಂಥ ಎಲುಬಿಗೆ ಪೆಡಿಕಲ್ ಎನ್ನುತ್ತೇವೆ. ಹೊಸ ಕೊಂಬು ಅದರ ಮೇಲಿಂದ ಬೆಳೆಯುತ್ತದೆ. ಭರದಿಂದ ಬೆಳೆಯುವ ದಿನಗಳಲ್ಲಿ ದಿನಕ್ಕೆ ಸುಮಾರು 2 ಸೆಂಟಿಮೀಟರ್ ಉದ್ದವಾಗುವುದೂ ಉಂಟು. ಆಗ ಅದು ಮೃದು ಎಲುಬು, ಒಳಗೆಲ್ಲ ರಕ್ತನಾಳ, ಹೊರಗೆ ನವಿರು ಕೂದಲಿನ ಚರ್ಮ. ವೆಲ್ವೆಟ್ ಎಂದರೆ ಈ ಹಂತದ ಇಡೀ ಕೊಂಬು, ಮೇಲಿನ ಚರ್ಮ ಮಾತ್ರವಲ್ಲ. ಬಿಟ್ಟರೆ ಬುಡದಿಂದ ಸುಣ್ಣದಂಶ ಸೇರುತ್ತಾ ಬಂದು ಗಟ್ಟಿ ಎಲುಬಾಗುತ್ತದೆ, ಚರ್ಮ ಸುಲಿದುಹೋಗುತ್ತದೆ.

ಎಲ್ಕ್‌ಗೆ ಇಲ್ಲಿ ವಾಪಿಟಿ ಎಂದೇ ಹೆಸರು. 1905ರಲ್ಲಿ ಉತ್ತರ ಅಮೆರಿಕದಿಂದ ತಂದು ಫಿಯೋರ್ಡ್‌ಲ್ಯಾಂಡಿನಲ್ಲಿ ಬಿಟ್ಟ ಪ್ರಾಣಿಗಳು ಇವು. ಜಿಂಕೆ ಸಾಕಣೆಗೆ ಕಾನೂನು ದಾರಿ ಮಾಡಿಕೊಟ್ಟದ್ದು 1969ರಲ್ಲಿ. ಈಗ ಫಾರ್ಮುಗಳಲ್ಲಿ ಹೆಚ್ಚಾಗಿ ಇರುವುದು ಕೆಂಪು ಜಿಂಕೆ, ಜೊತೆಗೆ ವಾಪಿಟಿ ಮಿಶ್ರತಳಿ. ಹಳೆಯ ಕೊಂಬಿನ ಉಳಿದ ಬುಡಕ್ಕೆ ಬಟನ್ ಎನ್ನುತ್ತೇವೆ. ಆಗಸ್ಟ್‌ನಿಂದ ಬಟನ್ ಬೀಳತೊಡಗುತ್ತದೆ, ಅದು ಬಿದ್ದ ದಿನವನ್ನು ಕಿವಿಯ ಟ್ಯಾಗ್ ನಂಬರಿನ ಮುಂದೆ ಬರೆದಿಡುತ್ತೇವೆ. ಅಲ್ಲಿಂದ ಸುಮಾರು 55ರಿಂದ 65 ದಿನಕ್ಕೆ ಕೊಯ್ಲು. ಲೆಕ್ಕ ಏನೇ ಇದ್ದರೂ ಕೊನೆಯ ಮಾತು ತುದಿಯದ್ದು. ತುದಿ ಉರುಟಾಗಿ ಊದಿಕೊಂಡಿದ್ದರೆ ಸರಿ. ಚಪ್ಪಟೆಯಾಗಿ ಚೂಪಾಗತೊಡಗಿದರೆ ತಡವಾಯಿತು ಎಂದರ್ಥ. ಇನ್ನೊಂದು ವಾರ ಬಿಟ್ಟರೆ ತೂಕ ಹೆಚ್ಚುತ್ತದೆ ಎಂಬ ಆಸೆ ಎಲ್ಲರಿಗೂ ಇರುತ್ತದೆ. ಹೆಚ್ಚುವುದು ಬುಡದ ಸುಣ್ಣ. ತೂಕ ಏರಿ ದರ್ಜೆ ಇಳಿಯುತ್ತದೆ.

ಕೊಯ್ಯುವುದು ಜೀವಂತ ಅಂಗವನ್ನು, ನರ ತುಂಬಿದ ಅಂಗವನ್ನು. ಅರಿವಳಿಕೆ ಇಲ್ಲದೆ ಮುಟ್ಟುವಂತಿಲ್ಲ. ಇಲ್ಲಿ ಪಶುವೈದ್ಯರು, ಇಲ್ಲವೇ ಅವರ ಮೇಲ್ವಿಚಾರಣೆಯಲ್ಲಿ ತರಬೇತಿ ಪಡೆದು ಪ್ರಮಾಣಪತ್ರ ತೆಗೆದುಕೊಂಡ ರೈತರು ಮಾತ್ರ ಈ ಕೆಲಸ ಮಾಡಬಹುದು. ಬ್ರಿಟನ್ನಿನಲ್ಲಂತೂ 1980ರ ಆದೇಶದಿಂದ ವೆಲ್ವೆಟ್ ಕೊಯ್ಯುವುದೇ ನಿಷೇಧ. ಬೆಳಗಿನ ತಂಪಿನಲ್ಲಿ, ಓಡಿಸದೆ, ಕೂಗಾಡದೆ ಪ್ರಾಣಿಯನ್ನು ಕ್ರಶ್‌ಗೆ, ಅಂದರೆ ಅಲುಗಾಡದಂತೆ ಹಿಡಿದಿಡುವ ಕಟಕಟೆಗೆ, ತರಬೇಕು, ಬೆದರಿ ಏದುಸಿರು ಬಿಡುವ ಪ್ರಾಣಿಗೆ ರಕ್ತ ಹೆಚ್ಚು ಹೋಗುತ್ತದೆ. ಪೆಡಿಕಲ್ ಸುತ್ತ ಉಂಗುರದಂತೆ ಲಿಗ್ನೊಕೇನ್ ಎಂಬ ಅರಿವಳಿಕೆ ಮದ್ದು ಚುಚ್ಚುತ್ತೇವೆ, ಸುತ್ತಳತೆಯ ಪ್ರತಿ ಸೆಂಟಿಮೀಟರಿಗೆ 1 ಮಿಲಿಲೀಟರ್ ಲೆಕ್ಕದಲ್ಲಿ. ಉಂಗುರದಲ್ಲಿ ಒಂದು ಕಡೆ ತಪ್ಪಿದರೂ ಅಲ್ಲಿ ನೋವು ಉಳಿಯುತ್ತದೆ. ಕನಿಷ್ಠ ನಾಲ್ಕು ನಿಮಿಷ ಕಾದು, ಗರಗಸದ ಅಂಚಿನಿಂದ ಮುಟ್ಟಿ ನೋಡಿ, ತಲೆ ಕೊಡವಿದರೆ ಮತ್ತೆ ಚುಚ್ಚಿ ಮತ್ತೆ ಕಾಯಬೇಕು. ಅವಸರಕ್ಕೆ ಇಲ್ಲಿ ಜಾಗವಿಲ್ಲ. ರಕ್ತ ತಡೆಯಲು ಬಿಗಿಪಟ್ಟಿ ಕಟ್ಟಿ, ಪೆಡಿಕಲ್ ಸೇರುವ ಗೆರೆಗಿಂತ ಒಂದೆರಡು ಸೆಂಟಿಮೀಟರ್ ಮೇಲೆ ಕೊಯ್ಯುತ್ತೇವೆ. ತೀರಾ ಕೆಳಗೆ ಕೊಯ್ದರೆ ಪೆಡಿಕಲ್‌ಗೆ ಪೆಟ್ಟಾಗಿ ಮುಂದಿನ ವರ್ಷದ ಕೊಂಬು ಸೊಟ್ಟಗೆ ಬರುತ್ತದೆ. ಹೊರಗೆ ಬಿಡುವ ಮುನ್ನ ಪಟ್ಟಿ ಬಿಚ್ಚುವುದನ್ನು ಮರೆಯಬಾರದು.

ಕೊಯ್ದ ಕೊಂಬನ್ನು ಕೂಡಲೇ ತಲೆಕೆಳಗು ಹಿಡಿಯಬೇಕು, ಕೊಯ್ದ ಬಾಯಿ ಮೇಲೆ. ರಕ್ತ ಒಳಗೇ ನಿಲ್ಲಬೇಕು ಎಂಬುದಕ್ಕೆ ಇದು. ಬಿಸಿ ಆರಿದ ಮೇಲೆ -18 ಡಿಗ್ರಿಯ ಫ್ರೀಜರ್‌ನಲ್ಲಿ ಒಂದಕ್ಕೊಂದು ತಾಗದಂತೆ ಇಡಬೇಕು. ಗಟ್ಟಿಯಾಗುವ ಮೊದಲೇ ಒಂದರ ಮೇಲೊಂದು ಪೇರಿಸಿದರೆ ನಡುವಿನವು ತಣಿಯುವುದು ತಡವಾಗಿ ಬುಡದೊಳಗಿನ ರಕ್ತ ಕೊಳೆಯತೊಡಗುತ್ತದೆ. ಹೊರಗೆ ಕಾಣುವುದಿಲ್ಲ, ಹೋಳು ಮಾಡಿದಾಗ ಹುಳಿವಾಸನೆ ಬರುತ್ತದೆ. ಕರೆಂಟು ಹೋಗಿ ಕರಗಿ ಮತ್ತೆ ಹೆಪ್ಪಾದದ್ದೂ ಅಷ್ಟೇ ಕೆಟ್ಟದ್ದು.

ಒಣಗಿಸಲು ಎರಡು ದಾರಿ. ಚೀನಾ, ಕೊರಿಯಾದ ಹಳೆಯ ಕ್ರಮದಲ್ಲಿ ಇಡೀ ಕೊಂಬನ್ನು, ಕೊಯ್ದ ಬಾಯಿ ನೀರಿಗೆ ತಾಗದಂತೆ, ಕುದಿನೀರಿನಲ್ಲಿ ಸ್ವಲ್ಪ ಸ್ವಲ್ಪ ಹೊತ್ತು ಅದ್ದಿ ತೆಗೆದು ಗಾಳಿಗೆ ತೂಗುಹಾಕುತ್ತಾರೆ. ಹೊತ್ತು ಮೀರಿದರೆ ಚರ್ಮ ಬಿರಿಯುತ್ತದೆ. ಕ್ಯಾಪ್ಸೂಲಿಗಾದರೆ ಫ್ರೀಜ್ ಡ್ರೈಯಿಂಗ್ ನನ್ನ ಆಯ್ಕೆ: ಕೂದಲು ತೆಗೆದು ತೊಳೆದು, ಹೆಪ್ಪುಗಟ್ಟಿದ ಕೊಂಬನ್ನೇ ಬ್ಯಾಂಡ್‌ಸಾದಲ್ಲಿ ತೆಳು ಹೋಳು ಮಾಡಿ, ನಿರ್ವಾತದಲ್ಲಿ ಮಂಜು ನೇರವಾಗಿ ಆವಿಯಾಗುವಂತೆ ಒಣಗಿಸುವುದು. ಮೂರು ಕಿಲೋ ಹಸಿ ಕೊಂಬಿಗೆ ಒಂದು ಕಿಲೋದಷ್ಟು ಒಣ ಸಿಗುತ್ತದೆ. ಇಲ್ಲಿ ಹಲವರು ಮರೆಯುವ ವಿಷಯವೊಂದಿದೆ. ಫ್ರೀಜ್ ಡ್ರೈಯಿಂಗ್ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ. ಅದಕ್ಕೇ ಪ್ರತಿ ಬ್ಯಾಚಿಗೂ ಸಾಲ್ಮೊನೆಲ್ಲಾ, ಇ-ಕೋಲೈ ಪರೀಕ್ಷೆ ಆಗಲೇಬೇಕು.

ತುದಿಯಲ್ಲಿ ಪ್ರೋಟೀನು, ಕೊಬ್ಬಿನಂಶ ಹೆಚ್ಚು, ಬುಡದಲ್ಲಿ ಖನಿಜ ಹೆಚ್ಚು. ಮೃದು ಎಲುಬಿನಲ್ಲಿರುವ ಕೊಲಾಜನ್, ಕಾಂಡ್ರಾಯ್ಟಿನ್ ಸಲ್ಫೇಟ್ ಕೂಡ ಇರುತ್ತವೆ. ಇಡೀ ಕೊಂಬಿನ ಪುಡಿಯೋ, ಅಗ್ಗದ ಬುಡದ ಪುಡಿಯೋ ಎಂದು ಮಾರುವವರನ್ನು ಕೇಳಿ. ಬುಡದ್ದು ಬಿಳಿಚಾಗಿ ಸೀಮೆಸುಣ್ಣದಂತೆ ಜಾರುತ್ತದೆ. ಒಳ್ಳೆಯ ಪುಡಿ ಕಂದು ಛಾಯೆಯದು, ಗಾಳಿಯ ತೇವ ಹೀರಿ ಬೇಗ ಉಂಡೆಕಟ್ಟುತ್ತದೆ. ಮುಚ್ಚಳ ಬಿಗಿಯಿರಲಿ, ಸಿಲಿಕಾ ಜೆಲ್ ಪೊಟ್ಟಣ ಒಳಗೇ ಇರಲಿ.

ಪ್ರಯೋಜನದ ಮಾತಿಗೆ ಬಂದರೆ ನೇರವಾಗಿ ಹೇಳಬೇಕು. ನ್ಯೂಜಿಲೆಂಡ್ ಮೆಡಿಕಲ್ ಜರ್ನಲ್‌ನಲ್ಲಿ 2012ರಲ್ಲಿ ಬಂದ ವಿಮರ್ಶೆ ಮನುಷ್ಯರ ಮೇಲಿನ ಏಳು ಪರೀಕ್ಷೆಗಳನ್ನು ಒಟ್ಟಿಗೆ ನೋಡಿ, ಜಾಹೀರಾತಿನ ಹೆಚ್ಚಿನ ಮಾತುಗಳಿಗೆ ಗಟ್ಟಿ ಆಧಾರವಿಲ್ಲ ಎಂದಿತು. ರುಮಟಾಯ್ಡ್ ಸಂಧಿವಾತದವರಿಗೆ ಆರು ತಿಂಗಳು ಎಲ್ಕ್ ಪುಡಿ ಕೊಟ್ಟ ಪರೀಕ್ಷೆಯಲ್ಲಿ ಖಾಲಿ ಕ್ಯಾಪ್ಸೂಲಿಗೂ ಇದಕ್ಕೂ ವ್ಯತ್ಯಾಸ ಕಾಣಲಿಲ್ಲ. ಗಂಡಸರ ಲೈಂಗಿಕ ಶಕ್ತಿಯ ಮೇಲೆ 2003ರಲ್ಲಿ ಪ್ರಕಟವಾದ ಪರೀಕ್ಷೆಯ ಫಲವೂ ಅದೇ. ನಾಯಿಗಳ ಕಥೆ ಸ್ವಲ್ಪ ಬೇರೆ. ಕೆನಡಾದಲ್ಲಿ ಸವೆದ ಕೀಲಿನ 38 ನಾಯಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಡಿಗೆ, ಚಟುವಟಿಕೆ ಎರಡೂ ಸುಧಾರಿಸಿದ್ದವು. ಪಾದದ ಒತ್ತಡವನ್ನು ಯಂತ್ರದಲ್ಲೇ ಅಳೆದಿದ್ದರು. ಒಂದೇ ಅಧ್ಯಯನ, ಸಣ್ಣದು, ಆದರೂ ಪ್ರಯತ್ನಿಸಲು ಅಷ್ಟು ಸಾಕು ಎಂಬುದು ನನ್ನ ಅಭಿಪ್ರಾಯ.

ನಾಯಿಗೆ ನಾನು ಕೊಡುವ ಅಳತೆ ಕಿಲೋ ತೂಕಕ್ಕೆ 20 ಮಿಲಿಗ್ರಾಂ ಆಸುಪಾಸು. 25 ಕಿಲೋದ ಲ್ಯಾಬ್ರಡಾರ್‌ಗೆ 500 ಮಿಲಿಗ್ರಾಂ, ಬಾಟಲಿಯಲ್ಲಿ ಹೇಳಿದ್ದಕ್ಕಿಂತ ಎಂದೂ ಹೆಚ್ಚಿಲ್ಲ. ಮೊದಲ ವಾರ ಇದರ ಕಾಲುಭಾಗ, ಅದೂ ಊಟದ ಜೊತೆ. ಒಮ್ಮೆಲೇ ಪೂರ್ತಿ ಕೊಟ್ಟರೆ ಕೆಲವಕ್ಕೆ ಭೇದಿಯಾಗುತ್ತದೆ. ಪಶುವೈದ್ಯರು ಕೊಟ್ಟ ಮೆಲಾಕ್ಸಿಕಾಮ್, ಕಾರ್ಪ್ರೊಫೆನ್‌ನಂಥ ನೋವಿನ ಮಾತ್ರೆಯನ್ನು ಇದರ ಭರವಸೆಯಲ್ಲಿ ನಿಲ್ಲಿಸಬೇಡಿ. ಶುರು ಮಾಡುವ ದಿನ ನಾಯಿ ಮಲಗಿದಲ್ಲಿಂದ ಏಳುವುದನ್ನು, ಮೆಟ್ಟಿಲು ಹತ್ತುವುದನ್ನು ಮೊಬೈಲಿನಲ್ಲಿ ತೆಗೆದಿಡಿ. 30ನೇ ದಿನ, 60ನೇ ದಿನ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಮತ್ತೆ ತೆಗೆಯಿರಿ. ಪ್ರೀತಿಯಿಂದ ನೋಡುವ ಕಣ್ಣಿಗೆ ಎಲ್ಲವೂ ಸುಧಾರಿಸಿದಂತೆ ಕಾಣುತ್ತದೆ, ವಿಡಿಯೊ ನಿಜ ಹೇಳುತ್ತದೆ. ಆ ನಡುವೆ ತೂಕ ಇಳಿಸುವುದು, ಹೊಸ ಮಾತ್ರೆ ಎಂದು ಬೇರೇನನ್ನೂ ಜೊತೆಗೆ ಶುರು ಮಾಡಿದರೆ ಯಾವುದರಿಂದ ಏನಾಯಿತೆಂದು ತಿಳಿಯದು. 60 ದಿನಕ್ಕೂ ಬದಲಾವಣೆ ಕಾಣದಿದ್ದರೆ ನಿಲ್ಲಿಸಿಬಿಡಿ. ದಪ್ಪ ನಾಯಿಯಾದರೆ ತೂಕ ಇಳಿಸುವುದರಿಂದ ಆಗುವ ಲಾಭವೇ ದೊಡ್ಡದು, ಅದನ್ನು ಮೊದಲು ಮಾಡಿ.

ಮನುಷ್ಯರಿಗೆ ದಿನಕ್ಕೆ 500ರಿಂದ 1000 ಮಿಲಿಗ್ರಾಂ ಎಂದು ಬರೆದಿರುವುದು ಸಾಮಾನ್ಯ. ಗರ್ಭಿಣಿಯರು, ಹಾಲೂಡಿಸುವವರು, ಮಕ್ಕಳು, ಪ್ರಾಸ್ಟೇಟ್ ಅಥವಾ ಸ್ತನ ಕ್ಯಾನ್ಸರ್ ಇದ್ದವರು ಮುಟ್ಟದಿರುವುದೇ ಕ್ಷೇಮ. ಇದರಲ್ಲಿ ರಕ್ತವೂ ಇದೆ, ಕ್ಯಾಪ್ಸೂಲಿನ ಹೊದಿಕೆಯೂ ಹೆಚ್ಚಾಗಿ ಜೆಲಾಟಿನ್. ಸಸ್ಯಾಹಾರಿ ಮನೆಯ ಹಿರಿಯರಿಗೆ ಕಳಿಸುವ ಮುನ್ನ ಇದನ್ನು ತಿಳಿಸಲೇಬೇಕು. ಸ್ಪರ್ಧೆಗಿಳಿಯುವ ಆಟಗಾರರಿಗೆ ಇನ್ನೊಂದು ತೊಡಕು. ಕೊಂಬಿನಲ್ಲಿ ಸ್ವಲ್ಪ ಇರುವ ಐಜಿಎಫ್-1 ಎಂಬ ಬೆಳವಣಿಗೆಯ ಹಾರ್ಮೋನು, ಉದ್ದೀಪನ ಮದ್ದು ತಡೆಯುವ ಜಾಗತಿಕ ಸಂಸ್ಥೆಯಾದ ವಾಡಾದ ನಿಷೇಧದ ಪಟ್ಟಿಯಲ್ಲಿದೆ. ಗಾಲ್ಫ್ ಆಟಗಾರ ವಿಜಯ್ ಸಿಂಗ್ 2013ರಲ್ಲಿ ವಿಚಾರಣೆ ಎದುರಿಸಿದ್ದು ಜಿಂಕೆ ಕೊಂಬಿನ ಇಂಥದ್ದೇ ಸ್ಪ್ರೇಯಿಂದ.

ಕೊಳ್ಳುವಾಗ ದೇಶ ನೋಡಿ. ಉತ್ತರ ಅಮೆರಿಕದ ಎಲ್ಕ್, ಜಿಂಕೆಗಳಲ್ಲಿ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ಪ್ರಯಾನ್ ರೋಗವಿದೆ, ಅಂದರೆ ರೂಪಗೆಟ್ಟ ಪ್ರೋಟೀನಿನಿಂದ ಮಿದುಳು ಕೆಡುವ ರೋಗ. ರೋಗ ತಗುಲಿದ ಎಲ್ಕ್‌ಗಳ ವೆಲ್ವೆಟ್‌ನಲ್ಲೇ ಪ್ರಯಾನ್ ಇದ್ದದ್ದನ್ನು 2009ರಲ್ಲಿ ತೋರಿಸಿದರು. ಮನುಷ್ಯರಿಗೆ ಹರಡಿದ ಪ್ರಕರಣ ದೃಢಪಟ್ಟಿಲ್ಲ, ಆದರೆ ಪ್ರಯಾನ್ ಬಿಸಿಗೂ ಒಣಗಿಸುವುದಕ್ಕೂ ಜಗ್ಗುವಂಥದ್ದಲ್ಲ. ಅಲ್ಲಿಯ ಮಾಲಾದರೆ ರೋಗಪರೀಕ್ಷೆಗೆ ಒಳಪಟ್ಟ ಹಿಂಡಿನದ್ದೇ ಎಂದು ದಾಖಲೆ ಕೇಳಿ. ನ್ಯೂಜಿಲೆಂಡಿನಲ್ಲಿ ಈ ರೋಗ ಇಲ್ಲ.

ಊರಿನವರಿಗೆ ಎರಡು ವಿಷಯ. ಆಯುರ್ವೇದದ ಮೃಗಶೃಂಗ ಭಸ್ಮ ಬೇರೆಯದೇ ವಸ್ತು. ಅದು ಬಲಿತ ಕೊಂಬನ್ನು ಸುಟ್ಟದ್ದು, ಪ್ರೋಟೀನೆಲ್ಲ ಬೆಂದು ಕ್ಯಾಲ್ಸಿಯಂ ಫಾಸ್ಫೇಟ್ ಉಳಿದಿರುತ್ತದೆ. ಇದರ ಬದಲಿಗೆ ಅದು ಆಗುವುದಿಲ್ಲ. ಹಾಗೆಯೇ ಬಂಡೀಪುರವೋ ನಾಗರಹೊಳೆಯೋ, ಕಾಡಂಚಿನಲ್ಲಿ ಬಿದ್ದ ಚುಕ್ಕೆ ಜಿಂಕೆ, ಕಡವೆಯ ಕೊಂಬನ್ನು ಎತ್ತಿ ತಂದು ಪುಡಿ ಮಾಡಲು ಹೋಗಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ತಾನಾಗಿ ಉದುರಿದ ಕೊಂಬೂ ಸರ್ಕಾರದ ಸ್ವತ್ತು, ಮನೆಯಲ್ಲಿಟ್ಟರೂ ಕೇಸು. ಅದೂ ಅಲ್ಲದೆ ಉದುರಿದ ಕೊಂಬು ಸತ್ತ ಎಲುಬು, ವೆಲ್ವೆಟ್‌ನಲ್ಲಿ ಹುಡುಕುವ ಯಾವುದೂ ಅದರಲ್ಲಿ ಉಳಿದಿರುವುದಿಲ್ಲ.