ಅಮೆರಿಕದ ಪೌರತ್ವ ಸಿಕ್ಕಿತು, ಮತ ಹಾಕುವುದು ಹೇಗೆ?

ಅಮೆರಿಕದ ಪೌರತ್ವ ಪಡೆದವರು ಭಾರತದ ಪೌರತ್ವ ಕಳೆದುಕೊಳ್ಳುತ್ತಾರೆ. ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಮಾಡಿಸಿಕೊಂಡರೆ ವೀಸಾ ಇಲ್ಲದೆ ಊರಿಗೆ ಬಂದುಹೋಗಬಹುದು, ಇಲ್ಲಿ ಮತ ಹಾಕುವಂತಿಲ್ಲ. ಅಲ್ಲಿ ನೆಲೆಸಿದ ಕನ್ನಡಿಗರ ಕೈಯಲ್ಲಿ ಆಮೇಲೆ ಉಳಿಯುವುದು ಅಮೆರಿಕದ ಮತವೊಂದೇ. ಅದನ್ನೂ ನಾಲ್ಕು ವರ್ಷಕ್ಕೊಮ್ಮೆ, ಅಧ್ಯಕ್ಷರ ಚುನಾವಣೆ ಬಂದಾಗ ಮಾತ್ರ ನೆನೆಯುವವರಿದ್ದಾರೆ. ಮಕ್ಕಳ ಶಾಲೆ, ಮನೆ ತೆರಿಗೆ, ಪೊಲೀಸ್ ವ್ಯವಸ್ಥೆ ತೀರ್ಮಾನವಾಗುವುದು ಸಣ್ಣ ಚುನಾವಣೆಗಳಲ್ಲಿ; ಒಂದೊಂದು ಮತಕ್ಕೂ ತೂಕ ಹೆಚ್ಚಿರುವುದು ಅಲ್ಲಿಯೇ.

ಮೊದಲು ಹೆಸರು ಸೇರಿಸಿ

ಇಡೀ ದೇಶದ ಚುನಾವಣೆ ನಡೆಸುವ ನಮ್ಮಂಥ ಆಯೋಗ ಅಮೆರಿಕದಲ್ಲಿಲ್ಲ. ನಿಯಮ ರಾಜ್ಯದ್ದು, ಹೆಚ್ಚಿನ ಕಡೆ ಚುನಾವಣೆ ನಡೆಸುವುದು ಕೌಂಟಿ (ನಮ್ಮ ಜಿಲ್ಲೆಯಂಥ ಘಟಕ) ಕಚೇರಿ. ಬಿಎಲ್‌ಒ ಮನೆಗೆ ಬಂದು ಪಟ್ಟಿ ನೋಡುವ ಪದ್ಧತಿಯಿಲ್ಲ. ಸರ್ಕಾರದ ವೋಟ್ ಡಾಟ್ ಗವ್ ತಾಣದಲ್ಲಿ ನಿಮ್ಮ ರಾಜ್ಯ ಆರಿಸಿದರೆ ದಾರಿ ಸಿಗುತ್ತದೆ. 1993ರ ಕಾನೂನಿನ ಪ್ರಕಾರ, ಬಹುತೇಕ ರಾಜ್ಯಗಳಲ್ಲಿ ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗಲೂ ನೋಂದಾಯಿಸಬಹುದು. ಟೆಕ್ಸಸ್‌ನಲ್ಲಿ ಚುನಾವಣೆಗೆ 30 ದಿನ ಮೊದಲೇ ಅರ್ಜಿ ಹೋಗಿರಬೇಕು. ಮಿನೆಸೋಟ, ವಿಸ್ಕಾನ್ಸಿನ್‌ಗಳಲ್ಲಿ ಮತದಾನದ ದಿನವೂ ಹೆಸರು ಸೇರಿಸಿಕೊಳ್ಳುತ್ತಾರೆ. ಮನೆ ಬದಲಿಸಿದಾಗಲೆಲ್ಲ ವಿಳಾಸ ತಿದ್ದಿಸಿ.

ಒಂದು ಎಚ್ಚರಿಕೆ. ಗ್ರೀನ್ ಕಾರ್ಡ್ (ಕಾಯಂ ವಾಸದ ಪರವಾನಗಿ) ಅಥವಾ ಎಚ್‌–1ಬಿ ಎಂಬ ಉದ್ಯೋಗ ವೀಸಾದಲ್ಲಿ ಇರುವವರು ಲೈಸೆನ್ಸ್ ಕಚೇರಿಯ ಅರ್ಜಿಯಲ್ಲಿ ಮತದಾರರ ನೋಂದಣಿಯ ಚೌಕಕ್ಕೆ ಗುರುತು ಹಾಕಲೇಬಾರದು. ಪೌರರಲ್ಲದವರು ಸಂಸತ್ತಿನ ಅಥವಾ ಅಧ್ಯಕ್ಷರ ಚುನಾವಣೆಯಲ್ಲಿ ಮತ ಹಾಕುವುದು ಅಪರಾಧ, ಗಡೀಪಾರಿಗೂ ಕಾರಣವಾಗಬಹುದು. ಮುಂದೆ ಪೌರತ್ವದ ಎನ್–400 ಅರ್ಜಿಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ.

ಪ್ರೈಮರಿ ತಪ್ಪಿಸಬೇಡಿ

ಭಾರತದಲ್ಲಿ ಟಿಕೆಟ್ ಹಂಚುವುದು ಪಕ್ಷದ ವರಿಷ್ಠರು. ಅಮೆರಿಕದಲ್ಲಿ ಅದನ್ನು ತೀರ್ಮಾನಿಸುವವರು ಮತದಾರರು, ಪ್ರೈಮರಿ ಎಂಬ ಒಳಚುನಾವಣೆಯಲ್ಲಿ. ಇದರ ಬಲ ಎಷ್ಟೆಂಬುದಕ್ಕೆ ನಮ್ಮ ನಾಡಿನ ನಂಟಿರುವ ಉದಾಹರಣೆಯೇ ಇದೆ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ಮಿಷಿಗನ್‌ನ 13ನೇ ಕ್ಷೇತ್ರದಿಂದ ಅಮೆರಿಕ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಗೆ ಗೆದ್ದರು. ಡೆಟ್ರಾಯಿಟ್ ಭಾಗದ ಆ ಕ್ಷೇತ್ರ ಡೆಮಾಕ್ರಟಿಕ್ ಪಕ್ಷದ ಭದ್ರಕೋಟೆ. ಆಗಸ್ಟ್‌ನ ಪ್ರೈಮರಿಯಲ್ಲಿ 9 ಮಂದಿ ಕಣದಲ್ಲಿದ್ದರು, ಥಾಣೇದಾರರಿಗೆ ಬಿದ್ದದ್ದು ಶೇ 28ರಷ್ಟು ಮತ. ಅಷ್ಟೇ ಸಾಕಾಯಿತು, ನವೆಂಬರ್‌ನಲ್ಲಿ ಅವರು ನಿರಾಯಾಸವಾಗಿ ಗೆದ್ದರು. ಒಂದೇ ಪಕ್ಷದ ಹಿಡಿತವಿರುವ ಇಂಥ ಕ್ಷೇತ್ರದಲ್ಲಿ ನವೆಂಬರ್‌ವರೆಗೆ ಕಾದು ಕೂತವರು ನಿಜವಾದ ಚುನಾವಣೆಯನ್ನೇ ಕಳೆದುಕೊಂಡಿರುತ್ತಾರೆ.

ನ್ಯೂಯಾರ್ಕ್, ಪೆನ್ಸಿಲ್ವೇನಿಯಾ, ಫ್ಲಾರಿಡಾಗಳಲ್ಲಿ ನೋಂದಣಿಯಲ್ಲಿ ಪಕ್ಷದ ಹೆಸರು ಬರೆಸಿದವರಿಗಷ್ಟೇ ಆ ಪಕ್ಷದ ಪ್ರೈಮರಿಯಲ್ಲಿ ಮತವಿದೆ. ಬರೆಸಿದ ಮಾತ್ರಕ್ಕೆ ಚಂದಾ ಕಟ್ಟಬೇಕಿಲ್ಲ, ನವೆಂಬರ್‌ನಲ್ಲಿ ಬೇರೆ ಪಕ್ಷಕ್ಕೆ ಮತ ಹಾಕಲು ಅಡ್ಡಿಯೂ ಇಲ್ಲ. ಟೆಕ್ಸಸ್‌ನಲ್ಲಿ ಮುಂಚೆಯೇ ಪಕ್ಷ ಹೇಳಬೇಕಿಲ್ಲ, ಮತಗಟ್ಟೆಯಲ್ಲಿ ಯಾವುದಾದರೂ ಒಂದು ಪಕ್ಷದ ಮತಪತ್ರ ಕೇಳಿ ಪಡೆಯಬಹುದು.

ಮತಪತ್ರ ಮೊದಲೇ ಓದಿಕೊಳ್ಳಿ

ಸಮಸಂಖ್ಯೆಯ ವರ್ಷಗಳಲ್ಲಿ ನವೆಂಬರ್‌ನ ಮೊದಲ ಸೋಮವಾರದ ಮರುದಿನ ಮುಖ್ಯ ಮತದಾನ. 2026ರಲ್ಲಿ ಅದು ನವೆಂಬರ್ 3. ಮತಪತ್ರ ಉದ್ದವಾಗಿರುತ್ತದೆ. ಪ್ರತಿನಿಧಿ ಸಭೆ, ರಾಜ್ಯದ ಶಾಸನಸಭೆ, ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ), ಹಲವು ಕಡೆ ನ್ಯಾಯಾಧೀಶರು, ಶಾಲಾ ಮಂಡಳಿ, ಶಾಲೆಗೆ ಸಾಲಪತ್ರ ಎತ್ತಬೇಕೇ ಬೇಡವೇ ಎಂಬ ಪ್ರಶ್ನೆ, ಎಲ್ಲವೂ ಅದರಲ್ಲೇ. ಕೌಂಟಿ ತಾಣದಲ್ಲಿ ಮಾದರಿ ಮತಪತ್ರ ಸಿಗುತ್ತದೆ. ಮನೆಯಲ್ಲಿ ಕೂತು ಓದಿ. ವರ್ಜೀನಿಯಾದಲ್ಲಿ 2017ರಲ್ಲಿ ಶಾಸನಸಭೆಯ ಒಂದು ಸ್ಥಾನಕ್ಕೆ ಇಬ್ಬರಿಗೂ ತಲಾ 11,608 ಮತ ಬಂದು, ಕೊನೆಗೆ ಬಟ್ಟಲಿನಿಂದ ಚೀಟಿ ಎತ್ತಿ ಗೆದ್ದವರನ್ನು ಘೋಷಿಸಿದರು. ಆ ಒಂದು ಚೀಟಿಯಿಂದ ಸದನದ ಬಹುಮತವೇ ನಿಶ್ಚಯವಾಯಿತು.

ಒರೆಗಾನ್, ವಾಷಿಂಗ್ಟನ್, ಕೊಲರಾಡೊಗಳಲ್ಲಿ ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ. ಲಕೋಟೆಯ ಮೇಲಿನ ಸಹಿಯನ್ನು ದಾಖಲೆಯ ಸಹಿಯೊಂದಿಗೆ ಹೋಲಿಸುವುದರಿಂದ ಅವಸರದಲ್ಲಿ ಗೀಚಬೇಡಿ. ಮತಗಟ್ಟೆಗೆ ಹೋದಾಗ ಪಟ್ಟಿಯಲ್ಲಿ ಹೆಸರಿಲ್ಲ ಎಂದರೆ ಹಿಂದಿರುಗಬೇಡಿ, ಪ್ರಾವಿಷನಲ್ (ತಾತ್ಕಾಲಿಕ) ಮತಪತ್ರ ಕೊಡಿ ಎಂದು ಕೇಳಿ. ಅರ್ಹತೆ ಪರಿಶೀಲಿಸಿ, ಅರ್ಹರೆಂದು ಕಂಡರೆ ಅದನ್ನು ಎಣಿಸುತ್ತಾರೆ.

ಅಪ್ಪ ಅಮ್ಮನ ಮತ

ಬಹಳ ಮನೆಗಳಲ್ಲಿ ಗೊತ್ತೇ ಇರದ ಹಕ್ಕೊಂದಿದೆ. 50 ದಾಟಿ 20 ವರ್ಷ ಗ್ರೀನ್ ಕಾರ್ಡ್‌ನಲ್ಲಿ ಇದ್ದವರು ಅಥವಾ 55 ದಾಟಿ 15 ವರ್ಷ ಇದ್ದವರು ಇಂಗ್ಲಿಷ್ ಪರೀಕ್ಷೆಯಿಲ್ಲದೆ, ತಮ್ಮ ಭಾಷೆಯಲ್ಲೇ ಪೌರನೀತಿಯ ಪ್ರಶ್ನೆಗಳಿಗೆ ಉತ್ತರಿಸಿ ಪೌರರಾಗಬಹುದು. ಹೀಗೆ ಪೌರರಾದ ಅಜ್ಜಿ ತಾತಂದಿರು ಇಂಗ್ಲಿಷ್ ಓದಲು ಬಾರದೆಂದು ಮತಗಟ್ಟೆಗೇ ಹೋಗದಿದ್ದರೆ ಅದು ದೊಡ್ಡ ನಷ್ಟ. ಮತದಾನ ಹಕ್ಕು ಕಾಯ್ದೆಯ 208ನೇ ಸೆಕ್ಷನ್ ಪ್ರಕಾರ ಅವರು ತಮಗೆ ಬೇಕಾದವರನ್ನು, ಮಗ, ಸೊಸೆ, ಪಕ್ಕದ ಮನೆಯವರು ಯಾರನ್ನಾದರೂ, ಜತೆಗೆ ಕರೆದೊಯ್ಯಬಹುದು. ಕೆಲಸ ಕೊಟ್ಟ ಮಾಲೀಕರು, ಅವರ ಪ್ರತಿನಿಧಿಗಳು, ಕಾರ್ಮಿಕ ಸಂಘದವರು ಮಾತ್ರ ಆಗದು. 2014ರಲ್ಲಿ ಟೆಕ್ಸಸ್‌ನ ವಿಲಿಯಮ್ಸನ್ ಕೌಂಟಿಯಲ್ಲಿ ಬಂಗಾಳಿ ಮಾತಾಡುವ ತಾಯಿಯೊಬ್ಬರಿಗೆ ನೆರವಾಗಲು ಬಂದ ಮಗನನ್ನು, ಬೇರೆ ಕೌಂಟಿಯ ಮತದಾರನೆಂದು ತಡೆದರು. ಮೊಕದ್ದಮೆ ನಡೆದು 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ನಿಯಮ 208ನೇ ಸೆಕ್ಷನ್‌ಗೆ ವಿರುದ್ಧವೆಂದು ಹೇಳಿತು. ಯಾರಾದರೂ ತಡೆದರೆ ಸೆಕ್ಷನ್ ಸಂಖ್ಯೆ ಹೇಳಿ ಗಟ್ಟಿಯಾಗಿ ನಿಲ್ಲಿ.

ಪೌರತ್ವ ಇಲ್ಲದವರಿಗೆ

ಗ್ರೀನ್ ಕಾರ್ಡ್ ಇದ್ದವರು ಅಭ್ಯರ್ಥಿಗೆ ದೇಣಿಗೆ ಕೊಡಬಹುದು. ಸಂಸತ್ತಿನ ಅಭ್ಯರ್ಥಿಗಳಿಗೆ 2025–26ರ ಮಿತಿ ಒಂದು ಚುನಾವಣೆಗೆ 3,500 ಡಾಲರ್. ಪ್ರೈಮರಿಯನ್ನು ಪ್ರತ್ಯೇಕವಾಗಿ ಲೆಕ್ಕ ಹಾಕುತ್ತಾರೆ. ಎಚ್‌–1ಬಿಯವರು ಒಂದು ಡಾಲರನ್ನೂ ಕೊಡುವಂತಿಲ್ಲ, ಸಂಬಳವಿಲ್ಲದೆ ಮನೆಮನೆ ಪ್ರಚಾರಕ್ಕೆ ಹೋಗಬಹುದು. ಶಾಲಾ ಮಂಡಳಿ, ನಗರಸಭೆಗಳ ಸಭೆಯಲ್ಲಿ ಸಾರ್ವಜನಿಕರಿಗೆ ಮಾತಾಡಲು ಸಮಯ ಇಟ್ಟಿರುತ್ತಾರೆ. ಸಾಮಾನ್ಯವಾಗಿ ಎರಡು ಮೂರು ನಿಮಿಷ ಸಿಗುತ್ತದೆ, ಬರೆದುಕೊಂಡು ಹೋಗಿ. ಸಂಸತ್ ಸದಸ್ಯರ ಕಚೇರಿಗೆ ಕರೆ ಮಾಡಲು 202-224-3121ಕ್ಕೆ ಫೋನ್ ಮಾಡಿ ಸದಸ್ಯರ ಹೆಸರು ಹೇಳಿದರೆ ಸಂಪರ್ಕಿಸುತ್ತಾರೆ. ಮೊದಲು ನಿಮ್ಮ ಹೆಸರು, ಊರು, ಜಿಪ್ ಕೋಡ್ ಹೇಳಿ, ತಮ್ಮ ಕ್ಷೇತ್ರದವರ ಮಾತಿಗೆ ಕಿವಿ ಹೆಚ್ಚು. ಆಮೇಲೆ ಒಂದೇ ಒಂದು ವಿಷಯ, ಮಸೂದೆಯ ಸಂಖ್ಯೆ ಗೊತ್ತಿದ್ದರೆ ಅದರೊಂದಿಗೆ.