ಹೆಲ್ತ್ ಬಾರ್ ಇಲ್ಲದ ಆಟ: ಡ್ವಾರ್ಫ್ ಫೋರ್ಟ್ರೆಸ್‌ನಲ್ಲಿ ಗಾಯ ಓದುವುದು ಹೇಗೆ

ಡ್ವಾರ್ಫ್ ಫೋರ್ಟ್ರೆಸ್ ಎಂಬ ಕಂಪ್ಯೂಟರ್ ಆಟ ಹೊಸದಾಗಿ ಶುರು ಮಾಡಿದವರೆಲ್ಲ ಮೊದಲ ಜಗಳದಲ್ಲೇ ಒಂದು ವಿಷಯ ಹುಡುಕುತ್ತಾರೆ. ಜೀವ ಎಷ್ಟು ಉಳಿದಿದೆ ಅಂತ ತೋರಿಸುವ ಪಟ್ಟಿ, ಅಂದರೆ ಹೆಲ್ತ್ ಬಾರ್ ಎಲ್ಲಿದೆ? ಎಲ್ಲೂ ಇಲ್ಲ, ಸುಮ್ನೆ ಹುಡುಕಬೇಡಿ. ನೂರರಲ್ಲಿ ಎಪ್ಪತ್ತು ಜೀವ ಉಳಿದಿದೆ ಅನ್ನುವ ಲೆಕ್ಕವೇ ಈ ಆಟದಲ್ಲಿ ಇಲ್ಲ. ಇಲ್ಲಿರುವುದು ಇಷ್ಟೇ: ನಿಮ್ಮ ಡ್ವಾರ್ಫ್‌ನ ಎಡಗೈಯ ಕಿರುಬೆರಳು ಹೋಗಿದೆ, ಬಲ ಶ್ವಾಸಕೋಶಕ್ಕೆ ತೂತು ಬಿದ್ದಿದೆ, ಎರಡು ಹಲ್ಲು ಉದುರಿವೆ, ಹೊಟ್ಟೆ ತೊಳೆಸಿ ವಾಂತಿ ಮಾಡುತ್ತಿದ್ದಾನೆ. ಅವನು ಬದುಕುತ್ತಾನಾ ಇಲ್ಲವಾ ಅನ್ನುವುದನ್ನು ನೀವೇ ಓದಿ ತಿಳಿಯಬೇಕು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಟಾರ್ನ್ ಆಡಮ್ಸ್ ಮತ್ತು ಝಾಕ್ ಆಡಮ್ಸ್ ಎಂಬ ಅಮೆರಿಕದ ಅಣ್ಣತಮ್ಮಂದಿರು ಮಾಡಿದ್ದು. 2006ರಲ್ಲಿ ಉಚಿತವಾಗಿ ಬಿಟ್ಟರು, ಆಗ ಪರದೆ ತುಂಬ ಬರೀ ಅಕ್ಷರ, ಚಿಹ್ನೆ. 2022ರ ಡಿಸೆಂಬರ್‌ನಲ್ಲಿ ಚಿತ್ರಗಳೊಂದಿಗೆ ಸ್ಟೀಮ್ ಎಂಬ ಆಟಗಳ ಆನ್‌ಲೈನ್ ಅಂಗಡಿಗೆ ಬಂತು. ಗಡ್ಡದ ಕುಳ್ಳರ ಒಂದು ಗುಂಪು ಬೆಟ್ಟ ಕೊರೆದು ಕೋಟೆ ಕಟ್ಟುತ್ತದೆ, ನೀವು ಮೇಲೆ ಕೂತು ಮೇಸ್ತ್ರಿಕೆ ಮಾಡುತ್ತೀರಿ, ಕೊನೆಗೆ ಯಾವುದೋ ಒಂದು ಅನಾಹುತದಲ್ಲಿ ಎಲ್ಲ ಮಣ್ಣುಪಾಲಾಗುತ್ತದೆ. ನಾನಿಲ್ಲಿ ಡ್ವಾರ್ಫ್‌ಗಳನ್ನು ಕುಳ್ಳರು ಅಂತಲೇ ಕರೆಯುತ್ತೇನೆ.

ಈಗ ವಿಷಯಕ್ಕೆ ಬರೋಣ. ಪ್ರತಿ ಪ್ರಾಣಿಯ ಮೈಯೂ ಬೇರೆ ಬೇರೆ ಭಾಗಗಳ ಜೋಡಣೆ. ತಲೆ, ಕುತ್ತಿಗೆ, ಮೈಯ ಮೇಲ್ಭಾಗ, ಕೆಳಭಾಗ, ತೋಳು, ಮುಂಗೈ, ಬೆರಳು, ಹೀಗೆ. ಒಂದೊಂದು ಭಾಗಕ್ಕೂ ಪದರಗಳಿವೆ: ಚರ್ಮ, ಅದರ ಕೆಳಗೆ ಕೊಬ್ಬು, ಆಮೇಲೆ ಸ್ನಾಯು, ಆಮೇಲೆ ಮೂಳೆ. ಒಳಗೆ ಹೃದಯ, ಯಕೃತ್ತು, ಕರುಳು, ಮಿದುಳು. ಏಟು ಬಿದ್ದಾಗ ಆಟ ಈ ಪದರಗಳನ್ನು ಒಂದೊಂದಾಗಿ ದಾಟಿಸುತ್ತದೆ. ಮೊದಲು ಕವಚ ತಡೆಯಿತಾ, ಆಮೇಲೆ ಚರ್ಮ ಹರಿಯಿತಾ, ಸ್ನಾಯುವರೆಗೆ ಹೋಯಿತಾ, ಮೂಳೆ ಮುರಿಯಿತಾ. ಜಗಳದ ವರದಿಯಲ್ಲಿ ಉದ್ದುದ್ದ ವಾಕ್ಯ ಬರುವುದು ಇದಕ್ಕೇ. ಬೇಜಾರು ಮಾಡಿಕೊಳ್ಳದೆ ಓದಿ, ಇಡೀ ಗುಟ್ಟು ಇರುವುದು ಅಲ್ಲೇ.

ಓದುವಾಗ ಗಾಯ ಎಷ್ಟು ಭಯಂಕರವಾಗಿ ಕೇಳಿಸುತ್ತದೆ ಅನ್ನುವುದನ್ನು ಮರೆತುಬಿಡಿ. ಯಾವ ಕೆಲಸ ನಿಂತುಹೋಯಿತು ಅನ್ನುವುದನ್ನು ಮಾತ್ರ ನೋಡಿ. ರಕ್ತ ಸೋರುತ್ತಿದೆಯಾ? ಉಸಿರಾಡುತ್ತಿದ್ದಾನಾ? ನಿಲ್ಲಲು ಆಗುತ್ತಾ? ಹಿಡಿತ ಇದೆಯಾ? ಎಚ್ಚರ ಇದೆಯಾ? ಕಿವಿ ಹಾರಿಹೋದವನು ಮಾರನೇ ದಿನ ಕೆಲಸಕ್ಕೆ ಹೋಗುತ್ತಾನೆ. ನೋಡುವುದಕ್ಕೆ ಸಣ್ಣ ಗೀರು ಬಿದ್ದಂತಿದ್ದು, ಅಪಧಮನಿ ತೆರೆದುಕೊಂಡಿದೆ ಅಂತ ವರದಿಯ ಕೊನೆಯಲ್ಲಿ ಒಂದು ತುಂಡು ಸಾಲು ಇದ್ದರೆ, ಅವನು ಆಸ್ಪತ್ರೆ ಬಾಗಿಲು ಮುಟ್ಟುವುದೇ ಅನುಮಾನ.

ನೋವಿನ ವಿಷಯ ಬೇರೆಯಾಗಿಯೇ ಹೇಳಬೇಕು. ಹೊಸಬರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನೋವು ಜಾಸ್ತಿಯಾದರೆ ಪ್ರಾಣಿ ಎಚ್ಚರ ತಪ್ಪಿ ಬೀಳುತ್ತದೆ. ಬಿದ್ದವನು ತಪ್ಪಿಸಿಕೊಳ್ಳಲಾರ, ಗುರಾಣಿ ಹಿಡಿಯಲಾರ, ಎದುರಿನವನು ನಿಧಾನವಾಗಿ ತಲೆಗೆ ಗುರಿಯಿಟ್ಟು ಹೊಡೆಯುತ್ತಾನೆ. ಅಂದರೆ ಕಾಲಿನ ಮೂಳೆ ಮುರಿದದ್ದಕ್ಕೆ ಯಾರೂ ಸಾಯುವುದಿಲ್ಲ, ಆದರೆ ಆ ನೋವಿಗೆ ಬಿದ್ದು, ಬಿದ್ದಲ್ಲೇ ತಲೆ ಒಡೆಸಿಕೊಂಡು ಸಾಯುತ್ತಾರೆ. ಅದಕ್ಕೇ ನಿಮ್ಮ ಹತ್ತಿರ ಲೋಹ ಕಡಿಮೆ ಇದ್ದರೆ ಮೊದಲು ಶಿರಸ್ತ್ರಾಣ ಮಾಡಿಸಿ. ಎಲ್ಲರಿಗೂ. ಎದೆಕವಚ ಆಮೇಲೆ ನೋಡಿಕೊಳ್ಳಬಹುದು. ಮಿದುಳಿಗೆ ಏಟಾದರೆ ಯಾವ ವೈದ್ಯನೂ ಏನೂ ಮಾಡಲಾರ.

ಇದೇ ಲೆಕ್ಕ ವೈರಿಗಳಿಗೂ ಅನ್ವಯಿಸುತ್ತದೆ, ಅಲ್ವಾ? ಅಲ್ಲೇ ತಮಾಷೆ ಇರುವುದು. ಈಟಿ ಆಳಕ್ಕೆ ಹೋಗಿ ಒಳಗಿನ ಅಂಗ ಚುಚ್ಚುತ್ತದೆ, ಆದ್ದರಿಂದ ಕೋಟೆಗೆ ದಾಳಿ ಇಡುವ ಗಾಬ್ಲಿನ್ ಎಂಬ ದುಷ್ಟ ಜೀವಿಗಳ ಮೇಲೆ, ದೊಡ್ಡ ಕಾಡುಪ್ರಾಣಿಗಳ ಮೇಲೆ ಅದು ಒಳ್ಳೆಯ ಆಯುಧ. ಆದರೆ ಎದ್ದು ಬಂದ ಹೆಣಕ್ಕೆ ಈಟಿ ಚುಚ್ಚಿ ಏನು ಪ್ರಯೋಜನ? ಅದಕ್ಕೆ ನೋವಿಲ್ಲ, ರಕ್ತ ಸೋರುವ ಭಯವಿಲ್ಲ, ಉಸಿರೂ ಬೇಡ. ಕಂಚಿನ ಕಲಾಸಸ್ ಎಂಬ ನಡೆದಾಡುವ ದೈತ್ಯ ಪ್ರತಿಮೆ ಕೂಡ ಹಾಗೇ, ಮೈಯೆಲ್ಲ ಕಂಚು, ಒಳಗೆ ಚುಚ್ಚುವುದಕ್ಕೆ ಅಂಗವೇ ಇಲ್ಲ. ಇಂಥವಕ್ಕೆ ಕೊಡಲಿಯಿಂದ ಕಡಿದು ಭಾಗಗಳನ್ನೇ ಬೇರ್ಪಡಿಸಬೇಕು, ಹೆಣವಾದರೆ ಸುತ್ತಿಗೆಯಿಂದ ಜಜ್ಜಿ ಹಾಕಬೇಕು. ಸುತ್ತಿಗೆಗೆ ಇನ್ನೊಂದು ಗುಣವಿದೆ. ಸರಪಳಿ ಅಂಗಿ ಹರಿಯದೇ ಇದ್ದರೂ ಅದರ ಕೆಳಗಿನ ಮೂಳೆ ಮುರಿಯುತ್ತದೆ. ಭಾರ ಇರುವ ಲೋಹವಾದರೆ ಇನ್ನೂ ಒಳ್ಳೆಯದು, ಬೆಳ್ಳಿಯ ಸುತ್ತಿಗೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಆಡಮಂಟೈನ್ ಎಂಬ ಆಟದ ಅಪರೂಪದ ಕಾಲ್ಪನಿಕ ಲೋಹ ಸಿಕ್ಕಿತು ಅಂತ ಖುಷಿಯಲ್ಲಿ ಅದರಿಂದ ಸುತ್ತಿಗೆ ಮಾಡಿಸಬೇಡಿ. ಕತ್ತಿ, ಕೊಡಲಿಗೆ ಅದರಂಥ ಲೋಹ ಇಲ್ಲ, ಆದರೆ ಹತ್ತಿಯಷ್ಟು ಹಗುರ, ಅದರ ಸುತ್ತಿಗೆಯಲ್ಲಿ ಹೊಡೆದರೆ ಸೊಳ್ಳೆ ಹೊಡೆದ ಹಾಗೆ.

ಮೈಗಾತ್ರವೂ ಲೆಕ್ಕಕ್ಕೆ ಬರುತ್ತದೆ. ಆಟದ ಒಳಗಿನ ಅಳತೆಯಲ್ಲಿ ದೊಡ್ಡವನಾದ ಕುಳ್ಳನ ಗಾತ್ರ 60,000, ಬೆಕ್ಕು 5,000, ಆನೆ 50,00,000. ಅಂದರೆ ಒಂದು ಆನೆ ಎಂಬತ್ತಮೂರು ಕುಳ್ಳರಿಗೆ ಸಮ. ಕುಳ್ಳನ ಕೈಯನ್ನೇ ಹಾರಿಸುವ ಕೊಡಲಿ ಏಟು ಆನೆಯ ಕಾಲಿನಲ್ಲಿ ಕೊಬ್ಬಿನವರೆಗೂ ಹೋಗದೆ ನಿಲ್ಲಬಹುದು. ಕವಚವಿಲ್ಲದ ಬೇಟೆಗಾರ ಆನೆಯ ಹಿಂದೆ ಹೋಗುವುದನ್ನು ಕಂಡರೆ ತಕ್ಷಣ ತಡೆಯಿರಿ.

ಇನ್ನು ನರ. ಈ ಆಟದಲ್ಲಿ ನನಗೆ ಅತ್ಯಂತ ಸಿಟ್ಟು ಬರಿಸುವ ಗಾಯ ಇದು. ಚರ್ಮ ಕೂಡುತ್ತದೆ, ಸ್ನಾಯು ಕೂಡುತ್ತದೆ, ಮೂಳೆ ಕೂಡುತ್ತದೆ. ನರ ಕೂಡುವುದಿಲ್ಲ. ಎರಡು ಬಗೆ ಇವೆ. ಸ್ಪರ್ಶದ ನರ ಕಡಿದರೆ ಆ ಭಾಗದಲ್ಲಿ ನೋವು ತಿಳಿಯುವುದಿಲ್ಲ, ಒಂದು ರೀತಿ ಲಾಭವೇ. ಚಲನೆಯ ನರ ಕಡಿದರೆ ಕೈಯಾದರೆ ಹಿಡಿತ ಹೋಯಿತು, ಕಾಲಾದರೆ ನಿಲ್ಲುವ ಶಕ್ತಿ ಹೋಯಿತು. ಜೀವನಪೂರ್ತಿ.

ನನ್ನ ಕೋಟೆಯಲ್ಲಿ ಉರಿಸ್ಟ್ ಅಂತ ಒಬ್ಬ ಕೊಡಲಿಯವನಿದ್ದ. (ಈ ಆಟದಲ್ಲಿ ಊರಿಗೆ ನಾಲ್ಕು ಜನ ಉರಿಸ್ಟ್‌ಗಳು ಇರುತ್ತಾರೆ, ನಮ್ಮ ಕಡೆ ಮಂಜುನಾಥ ಇದ್ದ ಹಾಗೆ.) ಬಾಗಿಲ ಹತ್ತಿರ ಮೂರು ಗಾಬ್ಲಿನ್ ಒಟ್ಟಿಗೆ ಇವನ ಮೇಲೆ ಬಿದ್ದವು. ಮೊದಲನೆಯದರ ತಲೆ ಕಡಿದ, ಅದು ಗಾಳಿಯಲ್ಲಿ ಬಿಲ್ಲಿನಾಕಾರದಲ್ಲಿ ಹಾರಿಹೋಯಿತು ಅಂತ ವರದಿ ಬಂತು, ನಾನು ಕೂತಲ್ಲೇ ಸಿಳ್ಳೆ ಹೊಡೆದೆ. ಎರಡನೆಯದರ ಕತ್ತಿ ಇವನ ಬಲ ತೋಳಿಗೆ ಬಿತ್ತು. ಸ್ನಾಯು ಹರಿಯಿತು, ಚಲನೆಯ ನರ ಕಡಿಯಿತು. ಮುಂದಿನ ಸಾಲಿನಲ್ಲೇ ಕೊಡಲಿ ನೆಲಕ್ಕೆ. ಆಮೇಲೆ ಅವನು ಎಡಗೈ ಗುರಾಣಿಯಿಂದಲೇ ಗುದ್ದಿದ, ಒಂದರ ಕೈ ಕಚ್ಚಿ ಹಿಡಿದು ಅಲುಗಾಡಿಸಿದ. ಬದುಕಿ ಬಂದ, ಗಾಯ ಪೂರ್ತಿ ಮಾಯಿತು, ಆದರೆ ಆ ಕೈಯಲ್ಲಿ ಮತ್ತೆ ಏನನ್ನೂ ಹಿಡಿಯಲಿಲ್ಲ. ನಾನು ಇದು ಗೊತ್ತಿಲ್ಲದೆ ಇನ್ನೊಂದು ದಾಳಿಗೆ ಕಳಿಸಿದೆ, ಕೊಡಲಿಯೂ ಗುರಾಣಿಯೂ ಒಟ್ಟಿಗೆ ಹಿಡಿಯಲು ಅವನಿಂದ ಆಗಲಿಲ್ಲ. ನೀವು ಹೀಗೆ ಮಾಡಬೇಡಿ. ದಾಳಿ ಮುಗಿದ ಮೇಲೆ ಒಬ್ಬೊಬ್ಬರ ಆರೋಗ್ಯದ ಪುಟ ತೆರೆದು ಹಿಡಿತ, ನಿಲುವು ಇವೆರಡನ್ನು ನೋಡಿ. ಒಂದು ಕೈ ಗಟ್ಟಿಯಿದ್ದರೆ ಊರೊಳಗಿನ ಹೆಚ್ಚಿನ ಕೆಲಸ ನಡೆಯುತ್ತದೆ, ಅವರನ್ನು ಸೈನ್ಯದಿಂದ ಬಿಡಿಸಿ. ಒಂದು ಕಾಲು ಹೋದವರಿಗೆ ಊರುಗೋಲು ಬೇಕು, ಇಲ್ಲದಿದ್ದರೆ ತೆವಳುತ್ತಲೇ ಇರುತ್ತಾರೆ. ಊರುಗೋಲಿನಲ್ಲಿ ನಡೆಯುವುದೂ ಒಂದು ವಿದ್ಯೆ, ಬಳಸುತ್ತಾ ಬಳಸುತ್ತಾ ವೇಗ ಬರುತ್ತದೆ.

ಆಸ್ಪತ್ರೆಯನ್ನು ಮೊದಲ ದಾಳಿಗೆ ಮುಂಚೆಯೇ ಕಟ್ಟಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ ಅಂತಾರಲ್ಲ, ಇಲ್ಲಿ ಆ ಗಾದೆ ಅಕ್ಷರಶಃ ನಿಜ, ಏಕೆಂದರೆ ಬಾವಿಯೇ ಬೇಕಾಗುವುದು. ನನ್ನ ಮೊದಲ ಕೋಟೆಯ ಕಥೆ ಕೇಳಿ. ಕುಳ್ಳರು ನೀರಿಗಿಂತ ಹೆಂಡ ಕುಡಿದು ಬದುಕುವವರು, ಹಾಗಾಗಿ ನಾನು ನೀರಿನ ಚಿಂತೆಯನ್ನೇ ಮಾಡಿರಲಿಲ್ಲ. ಗಣಿಯವನೊಬ್ಬ ಬಿದ್ದು ಎರಡೂ ಕಾಲು ಮುರಿದುಕೊಂಡ. ಮಂಚದಲ್ಲಿ ಮಲಗಿಸಿದರು. ಹಾಸಿಗೆ ಹಿಡಿದವರಿಗೆ ಮಾತ್ರ ಹೆಂಡ ಕೊಡುವುದಿಲ್ಲ, ನೀರೇ ತಂದು ಕುಡಿಸಬೇಕು. ಹೊರಗೆ ಚಳಿಗಾಲ, ಹೊಳೆ ಹೆಪ್ಪುಗಟ್ಟಿತ್ತು. ಪಕ್ಕದ ಕೋಣೆಯಲ್ಲಿ ಪೀಪಾಯಿಗಟ್ಟಲೆ ಹೆಂಡ ಇಟ್ಟುಕೊಂಡು ಪಾಪ ಬಾಯಾರಿ ಸತ್ತ. ಅವತ್ತಿನಿಂದ ನಾನು ಆಸ್ಪತ್ರೆಯ ಮಧ್ಯದಲ್ಲೇ ಬಾವಿ ಇಟ್ಟು ಆಮೇಲೆ ಸುತ್ತ ಗೋಡೆ ಕಟ್ಟುತ್ತೇನೆ. ನಿಂತ ಗುಂಡಿಯ ಕೊಳಕು ನೀರು ಬಳಸಬೇಡಿ, ಅದರಿಂದ ಗಾಯ ತೊಳೆದರೆ ಕೀವಾಗುತ್ತದೆ.

ಒಳಗೆ ಏನೇನು ಇರಬೇಕು? ಮಂಚಗಳು, ಶಸ್ತ್ರಚಿಕಿತ್ಸೆಗೆ ಒಂದೆರಡು ಮೇಜು, ಸಾಮಾನು ಇಡಲು ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಹೊಲಿಯಲು ನೂಲು, ಕಟ್ಟಲು ಬಟ್ಟೆ, ಮೂಳೆಗೆ ಕಟ್ಟುವ ಪಟ್ಟಿ, ಊರುಗೋಲು, ಬಕೆಟ್. ಮೂಳೆ ತೀರಾ ಕೆಟ್ಟದಾಗಿ ಮುರಿದವರಿಗೆ ಎಳೆದು ಕಟ್ಟುವ ಟ್ರ್ಯಾಕ್ಷನ್ ಬೆಂಚು ಬೇಕು. ಒಂದು ಮೇಜು, ಒಂದು ಯಂತ್ರಭಾಗ, ಒಂದು ಹಗ್ಗ ಇದ್ದರೆ ಅದು ತಯಾರಾಗುತ್ತದೆ. ಜಿಪ್ಸಮ್ ಕಲ್ಲು ಸಿಕ್ಕಿದರೆ ಕುಲುಮೆಯಲ್ಲಿ ಸುಟ್ಟು ಪ್ಲಾಸ್ಟರ್ ಪುಡಿ ಮಾಡಿಸಿ. ಸಿಗದಿದ್ದರೆ ಚಿಂತೆ ಬೇಡ, ಪುತ್ತೂರು ಕಟ್ಟಿನ ಹಾಗೆ ಮರದ ಪಟ್ಟಿ ಕಟ್ಟಿಯೇ ಕೆಲಸ ಸಾಗುತ್ತದೆ.

ಸೋಪು ಮಾತ್ರ ಮರೆಯಬೇಡಿ. ಇದನ್ನು ಎಲ್ಲರೂ ಮುಂದೂಡುತ್ತಾರೆ, ಯಾಕೆಂದರೆ ಮಾಡುವ ದಾರಿ ಉದ್ದ: ಸೌದೆ ಸುಟ್ಟು ಬೂದಿ, ಬೂದಿಯಿಂದ ಕ್ಷಾರದ ನೀರು, ಅದಕ್ಕೆ ಪ್ರಾಣಿಯ ಕೊಬ್ಬು ಅಥವಾ ಎಣ್ಣೆ ಸೇರಿಸಿ ಸೋಪು. ಸೋಪಿಲ್ಲದ ಆಸ್ಪತ್ರೆಯಲ್ಲಿ ಗಾಯ ಹೊಲಿದ ಮೇಲೂ ಸೋಂಕು ತಗುಲಿ ವಾರಗಟ್ಟಲೆ ನರಳಿ ಸಾಯುತ್ತಾರೆ. ಯುದ್ಧದಲ್ಲಿ ಗೆದ್ದವನು ಹೀಗೆ ಸತ್ತರೆ ಹೊಟ್ಟೆ ಉರಿಯುತ್ತದೆ.

ವೈದ್ಯರ ಕ್ರಮ ಹೀಗೆ. ಯಾರಾದರೂ ಗಾಯಾಳುವನ್ನು ಹೊತ್ತು ತರುತ್ತಾರೆ, ಒಬ್ಬ ಪರೀಕ್ಷೆ ಮಾಡುತ್ತಾನೆ, ಆಮೇಲೆ ತೊಳೆಯುವುದು, ಬೇಕಿದ್ದರೆ ಶಸ್ತ್ರಚಿಕಿತ್ಸೆ, ಹೊಲಿಗೆ, ಮೂಳೆ ಕೂಡಿಸುವುದು, ಬಟ್ಟೆ ಕಟ್ಟುವುದು. ಪರೀಕ್ಷೆ ಮಾಡುವವನಿಲ್ಲದಿದ್ದರೆ ಮುಂದಿನದು ಯಾವುದೂ ನಡೆಯುವುದಿಲ್ಲ. ಯಾರೋ ಆರು ತಿಂಗಳಿಂದ ಮಂಚ ಬಿಟ್ಟು ಎದ್ದೇ ಇಲ್ಲ ಅಂದರೆ ಮೊದಲು ಇದನ್ನು ನೋಡಿ, ಆಮೇಲೆ ನೂಲು ಖಾಲಿಯಾಗಿದೆಯಾ ನೋಡಿ. ಹತ್ತರಲ್ಲಿ ಒಂಬತ್ತು ಸಲ ಇವೆರಡರಲ್ಲಿ ಒಂದು. ಹೊಸ ವೈದ್ಯನಿಗಿಂತ ಹಳೇ ರೋಗಿ ಮೇಲು ಅನ್ನುವುದು ಇಲ್ಲೂ ಸರಿ. ಅನುಭವವಿಲ್ಲದವನ ಕೈಗೆ ಹರಿದ ಕರುಳು ಕೊಟ್ಟರೆ ಏನಾಗಬಹುದು ಯೋಚಿಸಿ. ವಲಸೆ ಬಂದವರಲ್ಲಿ ಸ್ವಲ್ಪ ವೈದ್ಯ ಬಲ್ಲವರಿದ್ದರೆ ಅವರಿಗೆ ಬೇರೆ ಕೆಲಸವನ್ನೇ ಕೊಡಬೇಡಿ.

ಕೊನೆಗೆ ಎರಡು ವಿಚಿತ್ರಗಳು. ಹೆಣ ಎಬ್ಬಿಸುವ ಮಾಂತ್ರಿಕ, ಅಂದರೆ ನೆಕ್ರೊಮಾನ್ಸರ್ ಬಂದರೆ ಹೆಣಗಳಷ್ಟೇ ಅಲ್ಲ, ಕಡಿದು ಬಿದ್ದ ಕೈ, ತಲೆ ಕೂಡ ಎದ್ದು ಕುತ್ತಿಗೆ ಹಿಡಿಯುತ್ತವೆ, ಆದ್ದರಿಂದ ಬಾಗಿಲ ಮುಂದಿನ ಚೂರುಪಾರುಗಳನ್ನೆಲ್ಲ ಬೇಗ ಗುಡಿಸಿ.

ಎರಡನೆಯದು ನರಮೃಗ, ಹುಣ್ಣಿಮೆಗೆ ರೂಪ ಬದಲಿಸುವ ಜಾತಿ. ಅದು ಕಚ್ಚಿದವರಿಗೂ ಶಾಪ ತಗುಲುತ್ತದೆ. ಹಾಗಾಗಿ ಅಂಥ ಜಗಳ ಮುಗಿದ ಕೂಡಲೇ ವರದಿಯಲ್ಲಿ ಯಾರು ಯಾರನ್ನು ಕಚ್ಚಿತು ಅಂತ ಹುಡುಕಿ, ಕಚ್ಚಿಸಿಕೊಂಡವರನ್ನು ಆಸ್ಪತ್ರೆಗೆ ಸೇರಿಸಬೇಡಿ, ಪ್ರತ್ಯೇಕ ಕೋಣೆಗೆ ಹಾಕಿ ಗೋಡೆ ಕಟ್ಟಿ. ಇಲ್ಲದಿದ್ದರೆ ಮುಂದಿನ ಹುಣ್ಣಿಮೆಗೆ ಮಂಚ ಹಿಡಿದು ಮಲಗಿದ ರೋಗಿಗಳ ನಡುವೆಯೇ ಅದು ಎದ್ದು ನಿಲ್ಲುತ್ತದೆ. ಆದರೆ ರೂಪ ಬದಲಾಗುವಾಗ ಇಡೀ ಮೈ ಹೊಸದಾಗುತ್ತದೆ. ಹೋದ ಕಾಲು ಬರುತ್ತದೆ, ಕಡಿದ ನರವೂ ಕೂಡುತ್ತದೆ. ಈ ಆಟದಲ್ಲಿ ನರ ಸರಿಯಾಗುವ ದಾರಿ ನಾನು ಕಂಡಿದ್ದು ಇದೊಂದೇ. ಉರಿಸ್ಟ್‌ನನ್ನು ಬೇಕಂತಲೇ ಕಚ್ಚಿಸಿಬಿಡೋಣವಾ ಅಂತ ಒಂದು ರಾತ್ರಿ ಪೂರ್ತಿ ಯೋಚಿಸಿದ್ದೇನೆ, ಸುಳ್ಳು ಹೇಳುವುದಿಲ್ಲ. ಕೋಣೆ ಕೂಡ ಕೊರೆಸಿಟ್ಟಿದ್ದೆ.