ಪಾಸಿಟ್ರಾನ್‌ಗಿಂತ ಸೋಪಿನ ನೀರೇ ಜಾಸ್ತಿ ಕಾಡಿತು

ಒಂದು ಬೆಳಗ್ಗೆ ಲ್ಯಾಬಿನಲ್ಲಿ ನಾನು ಹೊಸದೇನೋ ಕಂಡುಹಿಡಿದೆ ಅಂದುಕೊಂಡಿದ್ದೆ.

ಸ್ಯಾಂಪಲ್ ಸಿಟಿಎಬಿ, ನೀರಿನಲ್ಲಿ 10%. ಕೂದಲಿಗೆ ಹಚ್ಚುವ ಕಂಡೀಷನರ್‌ನಲ್ಲಿ ಇರುತ್ತಲ್ಲ, ಆ ಜಾತಿಯ ಸರ್ಫ್ಯಾಕ್ಟಂಟ್, ಅಂದರೆ ಸೋಪಿನಂಥ ವಸ್ತು. ಅದರ ಅಣುಗಳು ನೀರಿನಲ್ಲಿ ನೀರಿಗೆ ಒಗ್ಗುವ ತಲೆ ಹೊರಗಿಟ್ಟು, ಒಗ್ಗದ ಹೈಡ್ರೋಕಾರ್ಬನ್ ಬಾಲ ಒಳಗಿಟ್ಟು ಗುಂಪು ಕಟ್ಟುತ್ತವೆ. ಅದೇ ಮೈಸೆಲ್. ಆ ಗುಂಪಿನೊಳಗೆ ಇಣುಕೋಕೆ ನಾವು ಪಾಸಿಟ್ರಾನ್, ಅಂದರೆ ಎಲೆಕ್ಟ್ರಾನಿನ ಪ್ರತಿಕಣ, ಕಳಿಸುತ್ತೇವೆ.

ನಮ್ಮ ಪಾಸಿಟ್ರಾನ್ ಮೂಲ, ವಿಕಿರಣಶೀಲ ಸೋಡಿಯಂ-22, ಪಾಸಿಟ್ರಾನ್ ಬಿಟ್ಟ ಕೂಡಲೇ 1275 ಕೆಇವಿ (ಶಕ್ತಿಯ ಅಳತೆ) ಗಾಮಾ ಕಿರಣ ಹೊರಡುತ್ತದೆ. ಗಡಿಯಾರ ಶುರು. ಪಾಸಿಟ್ರಾನ್ ಎಲೆಕ್ಟ್ರಾನಿಗೆ ಸಿಕ್ಕಿ ಸತ್ತಾಗ 511 ಕೆಇವಿ ಗಾಮಾ ಬರುತ್ತದೆ, ಗಡಿಯಾರ ಬಂದ್. ಕೆಲವು ಪಾಸಿಟ್ರಾನ್‌ಗಳು ಸಾಯುವ ಮುಂಚೆ ಎಲೆಕ್ಟ್ರಾನ್ ಜೊತೆ ಕೂಡಿ ಪಾಸಿಟ್ರೋನಿಯಂ ಆಗುತ್ತವೆ. ಅದರ ಹೆಚ್ಚು ಕಾಲ ಬಾಳುವ ಆರ್ಥೋ ರೂಪ ನಿರ್ವಾತದಲ್ಲಿ 142 ನ್ಯಾನೋಸೆಕೆಂಡ್ ಬಾಳುತ್ತದೆ. ನೀರಿನಲ್ಲಿ ಸುಮಾರು 1.8, ಹೈಡ್ರೋಕಾರ್ಬನ್ ದ್ರವಗಳಲ್ಲಿ 3–4 ಅಷ್ಟೇ. ಈ ವ್ಯತ್ಯಾಸವೇ ನಮ್ಮ ಬಂಡವಾಳ.

ಒಂದು ಸ್ಪೆಕ್ಟ್ರಮ್‌ಗೆ, ಅಂದರೆ ಈ ಆಯಸ್ಸುಗಳ ಗ್ರಾಫಿಗೆ, ಹತ್ತು ಲಕ್ಷ ಎಣಿಕೆ ಬೇಕು. ಹಾಗಾಗಿ ಓಡಲು ಬಿಟ್ಟು ಮನೆಗೆ ಹೋಗಿದ್ದೆ. ಬೆಳಗ್ಗೆ ನೋಡಿದರೆ ಹಿಂದಿನ ದಿನದ ಅಂಕಿಗೂ ಇದಕ್ಕೂ ಸಂಬಂಧವೇ ಇಲ್ಲ. ರಚನೆ ಬದಲಾಗಿದೆ ಅಂತ ಕುಣಿಯುತ್ತಾ ಗೈಡ್ ಹತ್ತಿರ ಓಡಿದೆ. ಅವರು ಗ್ರಾಫ್ ಕಡೆ ತಿರುಗಿಯೂ ನೋಡಲಿಲ್ಲ. "ಟ್ಯೂಬ್ ನೋಡಿದ್ಯೇನಪ್ಪಾ?" ಅಂದರು.

ನೋಡಿದೆ. ತಳದಲ್ಲಿ ಬೆಳ್ಳಗಿನ ಹರಳು! ಎಸಿ ರಾತ್ರಿಯಿಡೀ 20 ಡಿಗ್ರಿಯಲ್ಲಿ ಓಡಿತ್ತು. ಸುಮಾರು 25 ಡಿಗ್ರಿಗಿಂತ ಕೆಳಗೆ ಹೋದರೆ ಸಿಟಿಎಬಿ ನೀರಿನಲ್ಲಿ ನಿಲ್ಲಲ್ಲ, ಹರಳುಗಟ್ಟುತ್ತದೆ. ಆಮೇಲೆ ಟ್ಯೂಬಿಗೆ 35 ಡಿಗ್ರಿ ಬಿಸಿನೀರು ಸುತ್ತಿಸುವ ವ್ಯವಸ್ಥೆ ಮಾಡಿಕೊಂಡೆ.

ಮುಂದಿನ ಕಾಟ ಆಮ್ಲಜನಕದ್ದು. ದ್ರವದಲ್ಲಿ ಅದು ಕರಗಿದ್ದರೆ ಪಾಸಿಟ್ರೋನಿಯಂ ಆಯಸ್ಸು ಕಮ್ಮಿಯಾಗುತ್ತದೆ. ದ್ರವ ಹೆಪ್ಪುಗಟ್ಟಿಸಿ, ಪಂಪ್ ಹಾಕಿ ಗಾಳಿ ಎಳೆದು, ಮತ್ತೆ ಕರಗಿಸಬೇಕು. ಹೇಳೋಕೆ ಸುಲಭ. ನಡುಭಾಗ ಇನ್ನೂ ನೀರಾಗಿದ್ದಾಗಲೇ ಅವಸರಪಟ್ಟು ಪಂಪ್ ತೆರೆದೆ. ಉಕ್ಕುವ ಹಾಲಿನ ಹಾಗೆ ನೊರೆ ಎದ್ದು ನಿರ್ವಾತದ ಕೊಳವೆಗೆ ನುಗ್ಗಿತು. ಒಂದು ದಿನ ಬರೀ ಕೊಳವೆ ತೊಳೆದೆ. ಅದಾದ ಮೇಲೆ, ಪಾಸಿಟ್ರಾನ್ ಮೂಲವನ್ನು ಮುಚ್ಚಿರುವ ಕ್ಯಾಪ್ಟಾನ್ (Kapton) ಎಂಬ ತೆಳು ಪ್ಲಾಸ್ಟಿಕ್ ಹಾಳೆಗೆ ಗುಳ್ಳೆ ಅಂಟಿದೆಯಾ ಅಂತ ಟಾರ್ಚ್ ಹಾಕಿ ನೋಡದೆ ಅಳತೆ ಶುರು ಮಾಡಿದ್ದೇ ಇಲ್ಲ. ಸಣ್ಣ ಗುಳ್ಳೆಯೂ ಸುಳ್ಳು ಹೇಳಿಸುತ್ತದೆ.

ಇನ್ನೊಂದು ಪೆದ್ದುತನ. ಪಾಸಿಟ್ರೋನಿಯಂ ಆಯಸ್ಸಿನಿಂದ ಅದು ಕೂತ ರಂಧ್ರದ ಗಾತ್ರ ತೆಗೆಯುವ ಸೂತ್ರವಿದೆ. ಅದರಲ್ಲಿ ಅಂಕಿ ತುಂಬಿ 'ಮೈಸೆಲ್ ತ್ರಿಜ್ಯ' ಅಂತ ಬರೆದಿಟ್ಟಿದ್ದೆ. ಬಂದದ್ದು 0.4 ನ್ಯಾನೋಮೀಟರ್‌ಗೂ ಕಮ್ಮಿ. ಮೈಸೆಲ್ ತ್ರಿಜ್ಯ 2 ನ್ಯಾನೋಮೀಟರ್‌ಗೂ ಜಾಸ್ತಿ ಇರುತ್ತೆ ಅಲ್ವಾ! ದ್ರವದೊಳಗೆ ಪಾಸಿಟ್ರೋನಿಯಂ ಸುತ್ತಲಿನ ಅಣುಗಳನ್ನು ತಳ್ಳಿ ತನ್ನದೇ ಗುಳ್ಳೆ ಮಾಡಿಕೊಳ್ಳುತ್ತದೆ. ನಾನು ಅಳೆದದ್ದು ಆ ಗುಳ್ಳೆಯನ್ನ. ಮೈಸೆಲ್ ಗಾತ್ರಕ್ಕೆ ಸಣ್ಣ ಕೋನದ ಎಕ್ಸ್-ರೇ ಚೆದುರಿಕೆಯೇ ಸರಿ. ಬಾಲಗಳು ಎಷ್ಟು ಸಡಿಲವಾಗಿವೆ, ಯಾವ ಉಷ್ಣತೆಯಲ್ಲಿ ಜೋಡಣೆ ಬದಲಾಯಿತು ಅನ್ನೋದಕ್ಕೆ ಮಾತ್ರ ಈಗ ಪಾಸಿಟ್ರಾನ್ ಮಾತು ಕೇಳುತ್ತೇನೆ. ಅದೂ ಟ್ಯೂಬ್ ನೋಡಿದ ಮೇಲೆ.